ವಯಸ್ಸಾದಂತೆ ನಿರ್ಧಾರ ಕಷ್ಟವಾಗುವುದೇಕೆ? ಡೋಪಮೀನ್‌ನ ಪಾಲೆಷ್ಟು?

ಪ್ರಶ್ನೆ: ನನಗೆ 66 ವರ್ಷ. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗಿದ್ದೇನೆ. ವೇಳಾಪಟ್ಟಿ, ಪರೀಕ್ಷೆ, ಪೋಷಕರ ದೂರು ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಶಾಲೆ ನಡೆಸಿದವನು ನಾನು. ಈಗ ನಾಲ್ಕಾರು ವಿಮಾ ಪಾಲಿಸಿಗಳಲ್ಲಿ ಒಂದನ್ನು ಆರಿಸಬೇಕೆಂದರೆ ದಿನಗಟ್ಟಲೆ ಹೊಯ್ದಾಡುತ್ತೇನೆ. ಕೆಲಸದ ನಡುವೆ ಯಾರಾದರೂ ಮಾತನಾಡಿಸಿದರೆ ಏನು ಮಾಡಲು ಹೊರಟಿದ್ದೆನೆಂಬುದೇ ಮರೆತುಹೋಗುತ್ತದೆ. ಆದರೆ ಮನುಷ್ಯರನ್ನು ಅಳೆಯುವುದರಲ್ಲಿ, ಜಗಳ ಬಗೆಹರಿಸುವುದರಲ್ಲಿ ಮೊದಲಿಗಿಂತ ಚೆನ್ನಾಗಿ ತೀರ್ಮಾನ ಮಾಡುತ್ತೇನೆ ಅನ್ನಿಸುತ್ತದೆ. ‘ಅಪ್ಪಾ, ನಿಮ್ಮ ಡೋಪಮೀನ್ ಕಡಿಮೆಯಾಗಿದೆ’ ಎನ್ನುತ್ತಾನೆ ಮಗ. ಇದು ನಿಜವೇ? ಪರೀಕ್ಷೆ ಮಾಡಿಸಿ, ಮಾತ್ರೆಯಿಂದಲೋ ಪುಡಿಯಿಂದಲೋ ಹೆಚ್ಚಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಮಗನ ಮಾತು ಅರ್ಧ ನಿಜ. ವಯಸ್ಸಾದಂತೆ ಮೆದುಳಿನ ಡೋಪಮೀನ್ ವ್ಯವಸ್ಥೆ ಸೊರಗುತ್ತದೆ ಎಂಬುದು ನರವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಆದರೆ ‘ಕಡಿಮೆಯಾಗಿದೆ’ ಎಂಬ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದೊಡನೆ ತೊಟ್ಟಿಯಲ್ಲಿ ನೀರು ಇಳಿದ ಚಿತ್ರ ಮನಸ್ಸಿಗೆ ಬರುತ್ತದೆ. ಇಳಿದಿದ್ದರೆ ತುಂಬಿಸಬೇಕು ಎಂಬ ಯೋಚನೆಯೂ, ಯಾವ ಮಾತ್ರೆ, ಯಾವ ಪುಡಿ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತವೆ. ಡೋಪಮೀನ್ ಮೆದುಳಿನ ಒಂದು ಭಾಗ ಇನ್ನೊಂದು ಭಾಗಕ್ಕೆ ಕಳಿಸುವ ಸಂದೇಶ. ಆ ಸಂದೇಶ ಮಸುಕಾದಾಗ ನಿರ್ಧಾರ ಮಾಡುವ ರೀತಿ ಬದಲಾಗುತ್ತದೆ, ಮತ್ತು ಆ ಬದಲಾವಣೆ ಎಲ್ಲ ಬಗೆಯ ನಿರ್ಧಾರಗಳನ್ನೂ ಒಂದೇ ಸಮನಾಗಿ ಮುಟ್ಟುವುದಿಲ್ಲ. ಹೊಸ ಆಯ್ಕೆಗಳ ಮುಂದಿನ ಹೊಯ್ದಾಟ, ಅಡ್ಡಿ ಬಂದಾಗಿನ ಮರೆವು, ಮನುಷ್ಯರ ವಿಷಯದಲ್ಲಿ ಉಳಿದಿರುವ ಚುರುಕು, ಈ ಮೂರನ್ನೂ ನೀವು ಒಟ್ಟಿಗೆ ಗಮನಿಸಿರುವುದು ನನಗೆ ಸಂತೋಷ ಕೊಟ್ಟಿತು. ಬಹುತೇಕರು ಮೊದಲ ಎರಡನ್ನು ಮಾತ್ರ ಹೇಳಿಕೊಂಡು ಗಾಬರಿಯಾಗುತ್ತಾರೆ.

ಮೊದಲು ಈ ರಾಸಾಯನಿಕದ ಬಗ್ಗೆ ಸ್ವಲ್ಪ ಹೇಳಬೇಕು. 1950ರ ದಶಕದವರೆಗೆ ಡೋಪಮೀನ್ ಎಂದರೆ ನೊರಾಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ ತಯಾರಾಗುವ ಹಾದಿಯಲ್ಲಿ ಸಿಗುವ ಒಂದು ಮಧ್ಯಂತರ ವಸ್ತು ಎಂದಷ್ಟೇ ತಿಳಿಯಲಾಗಿತ್ತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪೀನ್ ಎಂಬ ಔಷಧ ಕೊಟ್ಟರು. ಇದು ಸರ್ಪಗಂಧಿ ಗಿಡದ ಬೇರಿನಿಂದ ಬಂದದ್ದೆಂಬುದು ನಮ್ಮ ಓದುಗರಿಗೆ ಕುತೂಹಲ ಹುಟ್ಟಿಸಬಹುದು. ಆ ಮೊಲಗಳು ಅಲುಗಾಡದೆ ಬಿದ್ದುಕೊಂಡವು. ದೇಹದಲ್ಲಿ ಡೋಪಮೀನ್ ಆಗಿ ಬದಲಾಗುವ ಎಲ್-ಡೋಪಾವನ್ನು ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಡೋಪಮೀನ್ ತಾನೇ ಒಂದು ನರವಾಹಕ, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಎಂಬ ಅರಿವಿಗೆ ಇಲ್ಲಿಂದ ದಾರಿಯಾಯಿತು, ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯೂ ಈ ದಾರಿಯಲ್ಲೇ ಬಂದಿತು. 2000ದಲ್ಲಿ ಕಾರ್ಲ್‌ಸನ್ ಅವರಿಗೆ ಇತರ ಇಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಡೋಪಮೀನ್ ತಯಾರಿಸುವವು ಕೆಲವೇ ಲಕ್ಷ, ಅವೂ ಹೆಚ್ಚಾಗಿ ಮಧ್ಯಮೆದುಳಿನ ಸಣ್ಣ ಜಾಗದಲ್ಲಿ ಗುಂಪುಗೂಡಿವೆ. ಅಷ್ಟು ಕಡಿಮೆ ಕೋಶಗಳು ಇಷ್ಟೊಂದು ಪ್ರಭಾವ ಬೀರುವುದು ಅವುಗಳ ಕವಲುಗಳಿಂದ. ಒಂದೊಂದು ಕೋಶವೂ ಲಕ್ಷಗಟ್ಟಲೆ ಕಡೆಗಳಲ್ಲಿ ಡೋಪಮೀನ್ ಬಿಡುಗಡೆ ಮಾಡಬಲ್ಲದು. ಈ ಕವಲುಗಳು ಹೋಗುವ ಎರಡು ಮುಖ್ಯ ಸ್ಥಳಗಳು ನಿಮ್ಮ ಪ್ರಶ್ನೆಗೆ ಸಂಬಂಧಿಸಿದವು. ಒಂದು, ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್. ಇನ್ನೊಂದು, ಹಣೆಯ ಹಿಂದಿರುವ ಪ್ರಿಫ್ರಾಂಟಲ್ ಕಾರ್ಟೆಕ್ಸ್.

ಸ್ಟ್ರಯೇಟಮ್‌ನಲ್ಲಿ ಡೋಪಮೀನ್ ಏನು ಹೇಳುತ್ತದೆ ಎಂಬುದನ್ನು ವುಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ತೋರಿಸಿದವು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮೀನ್ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮುಂಚೆ ದೀಪವೊಂದು ಬೆಳಗುತ್ತದೆ ಎಂದು ಅದು ಕಲಿತುಕೊಂಡ ಮೇಲೆ ಮಿಡಿತ ದೀಪದ ಕ್ಷಣಕ್ಕೆ ಸರಿಯುತ್ತದೆ, ರಸ ಬಂದಾಗ ಏನೂ ಆಗುವುದಿಲ್ಲ. ದೀಪ ಬೆಳಗಿಯೂ ರಸ ಬರದಿದ್ದರೆ, ಅದು ಬರಬೇಕಿದ್ದ ಕ್ಷಣದಲ್ಲಿ ಮಿಡಿತ ಕುಸಿಯುತ್ತದೆ. ನಿರೀಕ್ಷಿಸಿದ್ದಕ್ಕೂ ದಕ್ಕಿದ್ದಕ್ಕೂ ನಡುವಿನ ಅಂತರವನ್ನೇ ಈ ಕೋಶಗಳು ಸಾರುತ್ತವೆ ಎಂಬ ವ್ಯಾಖ್ಯಾನವನ್ನು ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ 1997ರಲ್ಲಿ ಮುಂದಿಟ್ಟರು. ಯಾವುದನ್ನು ಆರಿಸಿದರೆ ಏನು ಸಿಗುತ್ತದೆ ಎಂಬ ನಮ್ಮ ಅಂದಾಜು ಪ್ರತಿ ಅನುಭವದ ನಂತರವೂ ತಿದ್ದಿಕೊಳ್ಳುವುದು ಈ ಅಂತರದ ಆಧಾರದ ಮೇಲೆ. ಡೋಪಮೀನ್ ‘ಸುಖದ ರಾಸಾಯನಿಕ’ ಎಂಬ ಜನಪ್ರಿಯ ಮಾತು ಎಷ್ಟು ಒರಟು ಎಂಬುದು ಇದರಿಂದ ತಿಳಿಯುತ್ತದೆ.

ಪ್ರಿಫ್ರಾಂಟಲ್ ಕಾರ್ಟೆಕ್ಸ್‌ನಲ್ಲಿ ಅದರ ಕೆಲಸ ಬೇರೆ. ನಾನೀಗ ಏನು ಮಾಡಲು ಹೊರಟಿದ್ದೇನೆ ಎಂಬ ಗುರಿಯನ್ನು, ಸುತ್ತಲಿನ ಗದ್ದಲದ ನಡುವೆಯೂ, ಕೆಲವು ಕ್ಷಣಗಳ ಮಟ್ಟಿಗೆ ಅಳಿಯದಂತೆ ಹಿಡಿದಿಡುವ ಕೋಶಜಾಲಗಳು ಅಲ್ಲಿವೆ. ಆ ಹಿಡಿತವನ್ನು ಡೋಪಮೀನ್ ಬಿಗಿಗೊಳಿಸುತ್ತದೆ. 1979ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋತಿಗಳ ಈ ಭಾಗದಿಂದ ಡೋಪಮೀನನ್ನು ಮಾತ್ರ ತೆಗೆದಾಗ, ಹಿಂದಿನ ಸಲ ಯಾವ ಕಡೆಯದನ್ನು ಆರಿಸಿದ್ದೆವೆಂದು ಕೆಲವು ಸೆಕೆಂಡು ನೆನಪಿಡಬೇಕಾದ ಕೆಲಸದಲ್ಲಿ ಅವು ಆ ಭಾಗವನ್ನೇ ಕತ್ತರಿಸಿ ತೆಗೆದ ಕೋತಿಗಳಷ್ಟೇ ಎಡವಿದವು. ಆ ತಂಡದಲ್ಲಿದ್ದ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಚ್ ಹಾಗೂ ನಂತರ ಏಮಿ ಆರ್ನ್‌ಸ್ಟೆನ್ ಮತ್ತಿತರರು ಇನ್ನೊಂದು ಮಹತ್ವದ ವಿಷಯವನ್ನು ತೋರಿಸಿಕೊಟ್ಟರು: ಇಲ್ಲಿ ಡೋಪಮೀನ್ ತೀರ ಕಡಿಮೆಯಾದರೂ ಹಿಡಿತ ಸಡಿಲುತ್ತದೆ, ಅತಿಯಾದರೂ ಸಡಿಲುತ್ತದೆ. ಒತ್ತಡದಲ್ಲಿರುವಾಗ ಈ ಭಾಗದಲ್ಲಿ ಡೋಪಮೀನ್ ವಿಪರೀತ ಏರುತ್ತದೆ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡಿಬಿಡುವುದಕ್ಕೆ ಇದೂ ಒಂದು ಕಾರಣ. ಈ ಬಿಲ್ಲಿನಾಕಾರದ ಸಂಬಂಧವನ್ನು ನೆನಪಿನಲ್ಲಿಡಿ. ಮಾತ್ರೆಗಳ ಪ್ರಶ್ನೆ ಬಂದಾಗ ಅದು ಬೇಕಾಗುತ್ತದೆ.

ಈಗ ವಯಸ್ಸಿನ ವಿಷಯ. ಜೀವಂತ ಮನುಷ್ಯರ ಮೆದುಳಿನಲ್ಲಿ ಡೋಪಮೀನ್ ವ್ಯವಸ್ಥೆಯ ಬೇರೆ ಬೇರೆ ಅಂಗಗಳನ್ನು ಅಳೆಯುವ ಪಿಇಟಿ ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರೌಢ ವಯಸ್ಸಿನುದ್ದಕ್ಕೂ ಡೋಪಮೀನ್ ಗ್ರಾಹಕಗಳು (ಸಂದೇಶವನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು) ಮತ್ತು ಸಾಗಣೆ ಪ್ರೋಟೀನ್‌ಗಳು (ಬಿಡುಗಡೆಯಾದ ಡೋಪಮೀನನ್ನು ಮರಳಿ ಕೋಶದೊಳಗೆ ಸೇರಿಸುವವು) ಪ್ರತಿ ಹತ್ತು ವರ್ಷಕ್ಕೆ ಸುಮಾರು 4ರಿಂದ 14 ಪ್ರತಿಶತದಷ್ಟು ಕ್ಷೀಣಿಸುತ್ತವೆ, ಡಿ1 ಬಗೆಯ ಗ್ರಾಹಕಗಳಲ್ಲಿ ಈ ಇಳಿಕೆ ಎಲ್ಲಕ್ಕಿಂತ ಹೆಚ್ಚು. ಆದರೆ ಡೋಪಮೀನನ್ನು ತಯಾರಿಸುವ ಸಾಮರ್ಥ್ಯದಲ್ಲಿ ವಯಸ್ಸಿಗೆ ತಕ್ಕ ಅಂಥ ಇಳಿಕೆ ಕಾಣಲಿಲ್ಲ. ನಿಮ್ಮ ವೃತ್ತಿಯ ಭಾಷೆಯಲ್ಲೇ ಹೇಳುವುದಾದರೆ, ಪಾಠ ಹೇಳುವವರು ಹೇಳುತ್ತಲೇ ಇದ್ದಾರೆ, ತರಗತಿಯ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ತೊಟ್ಟಿಯ ಚಿತ್ರ ಇಲ್ಲಿ ಸೋಲುತ್ತದೆ. ಇಳಿಕೆ ನಿವೃತ್ತಿಯ ವರ್ಷದಲ್ಲಿ ದಿಢೀರನೆ ಶುರುವಾಗುವುದೂ ಇಲ್ಲ. ಅದು ಇಪ್ಪತ್ತರ ಹರೆಯದಿಂದಲೇ ಸದ್ದಿಲ್ಲದೆ ನಡೆದಿರುತ್ತದೆ. ನಿಮ್ಮ ಮಗನಿಗೆ ಮೂವತ್ತೈದಾಗಿದ್ದರೆ ಅವನ ಮೆದುಳಿನಲ್ಲೂ ನಡೆಯುತ್ತಿದೆ ಎಂದು ಬೇಕಾದರೆ ಅವನಿಗೆ ತಿಳಿಸಬಹುದು.

ಇದನ್ನು ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಬೆರೆಸಬಾರದು. ಆ ಕಾಯಿಲೆಯಲ್ಲಿ ಮಧ್ಯಮೆದುಳಿನ ಕಪ್ಪು ಭಾಗದ ಡೋಪಮೀನ್ ಕೋಶಗಳೇ ಸಾಯುತ್ತವೆ. ನಡುಕ, ಬಿಗಿತ ಕಾಣಿಸುವ ಹೊತ್ತಿಗೆ ಕೆಲವು ಗುಂಪುಗಳಲ್ಲಿ ಅರ್ಧಕ್ಕೂ ಹೆಚ್ಚು ಕೋಶಗಳು ನಾಶವಾಗಿರುತ್ತವೆ. ಸಹಜ ಮುಪ್ಪಿನಲ್ಲಿ ಆ ಕೋಶಗಳ ನಷ್ಟ ಅದಕ್ಕಿಂತ ಎಷ್ಟೋ ನಿಧಾನ, ಹಂಚಿಕೆಯೂ ಬೇರೆ.

ಇನ್ನು ನಿಮ್ಮ ದೂರುಗಳಿಗೆ ಬರುತ್ತೇನೆ. ಕೆಲಸದ ನಡುವೆ ಮಾತನಾಡಿಸಿದರೆ ಮರೆತುಹೋಗುವುದನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅರಿವಿನ ನಿಯಂತ್ರಣ ಎಂದು ನಾವು ಕರೆಯುವ ಸಾಮರ್ಥ್ಯದ ಬದಲಾವಣೆ ಇದರಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ಟಾಡ್ ಬ್ರೇವರ್ ಈ ನಿಯಂತ್ರಣದಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಗುರಿಯನ್ನು ಮುಂಚಿತವಾಗಿಯೇ ಮನಸ್ಸಿನಲ್ಲಿ ಸಜ್ಜಾಗಿಟ್ಟುಕೊಂಡು ಕಾಯುವುದು ಒಂದು. ಸಂದರ್ಭ ಎದುರಾದಾಗ, ‘ಅರೆ, ಇಲ್ಲಿ ಹೀಗೆ ಮಾಡಬೇಕಿತ್ತಲ್ಲ’ ಎಂದು ಗುರಿಯನ್ನು ಆಗಲೇ ಎಳೆದು ತರುವುದು ಇನ್ನೊಂದು. ಮೊದಲನೆಯದು ಖರ್ಚಿನ ದಾರಿ, ಪ್ರಿಫ್ರಾಂಟಲ್ ಕಾರ್ಟೆಕ್ಸ್ ಎಡೆಬಿಡದೆ ದುಡಿಯಬೇಕು, ಅದಕ್ಕೆ ಡೋಪಮೀನ್‌ನ ಬೆಂಬಲ ಬೇಕು. ವಯಸ್ಸಾದಂತೆ ನಾವು ಹೆಚ್ಚು ಹೆಚ್ಚಾಗಿ ಎರಡನೆಯ ದಾರಿಗೆ ಸರಿಯುತ್ತೇವೆ.

ಇದನ್ನು ಅಳೆಯುವ ಪ್ರಯೋಗ ಸರಳ, ಆದರೆ ಜಾಣತನದ್ದು. ಪರದೆಯ ಮೇಲೆ ಒಂದರ ನಂತರ ಒಂದು ಅಕ್ಷರ ಬರುತ್ತದೆ. ‘ಎ’ ಬಂದ ಮೇಲೆ ‘ಎಕ್ಸ್’ ಬಂದರೆ ಒಂದು ಗುಂಡಿ, ಬೇರೆ ಯಾವ ಜೋಡಿ ಬಂದರೂ ಇನ್ನೊಂದು ಗುಂಡಿ. ಹೆಚ್ಚಿನ ಸಲ ‘ಎ’ ನಂತರ ‘ಎಕ್ಸ್’ ಬರುವುದರಿಂದ, ಯುವಕರು ‘ಎ’ ಕಂಡೊಡನೆ ಸಜ್ಜಾಗಿಬಿಡುತ್ತಾರೆ. ಬಳಿಕ ಬೇರೆ ಅಕ್ಷರ ಬಂದರೆ ಮುಗ್ಗರಿಸುತ್ತಾರೆ. ಆ ಬಲೆಗೆ ಹಿರಿಯರು ಅಷ್ಟಾಗಿ ಬೀಳುವುದಿಲ್ಲ. ಅವರು ತಡವರಿಸುವುದು, ಮೊದಲು ‘ಎ’ ಅಲ್ಲದ ಅಕ್ಷರ ಬಂದು ಆಮೇಲೆ ‘ಎಕ್ಸ್’ ಬಂದಾಗ: ಕಣ್ಣಿಗೆ ಕಾಣುವ ‘ಎಕ್ಸ್’ ಗುಂಡಿ ಒತ್ತು ಎನ್ನುತ್ತದೆ, ತಡೆಯಬೇಕಾದ ಹಿಂದಿನ ಅಕ್ಷರವನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ. ನಿಮ್ಮ ಮರೆವೂ ಇದೇ ಬಗೆಯದು. ನೀವು ಕೋಣೆಗೆ ಹೋಗುವಾಗ ಏನನ್ನು ತರಬೇಕೆಂಬುದು ಮನಸ್ಸಿನಲ್ಲಿ ಸಜ್ಜಾಗಿ ನಿಂತಿರುವುದಿಲ್ಲ, ಕೋಣೆಯೇ ಅದನ್ನು ನೆನಪಿಸಬೇಕು. ನಡುವೆ ಯಾರೋ ಮಾತನಾಡಿಸಿದರೆ ಆ ಎಳೆ ಕಳಚುತ್ತದೆ. ಬ್ರೇವರ್ ಅವರ ತಂಡ 2009ರಲ್ಲಿ ತೋರಿಸಿದ ಇನ್ನೊಂದು ವಿಷಯ ನಿಮಗೆ ನೆಮ್ಮದಿ ಕೊಡಬಹುದು. ಮುಂಚಿತವಾಗಿ ಸಜ್ಜಾಗುವ ತಂತ್ರವನ್ನು ಹೇಳಿಕೊಟ್ಟು ಅಭ್ಯಾಸ ಮಾಡಿಸಿದಾಗ ಹಿರಿಯರ ಪ್ರಿಫ್ರಾಂಟಲ್ ಕಾರ್ಟೆಕ್ಸ್‌ನ ಚಟುವಟಿಕೆಯ ವಿನ್ಯಾಸ ಯುವಕರದರ ಕಡೆಗೆ ಸರಿಯಿತು. ಸಾಮರ್ಥ್ಯ ಪೂರ್ತಿ ಹೋಗಿರುವುದಿಲ್ಲ, ಅದು ತಾನಾಗಿಯೇ ಕೆಲಸಕ್ಕೆ ಇಳಿಯುವುದು ನಿಂತಿರುತ್ತದೆ.

ಹಿಂದೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುತ್ತಿದ್ದೆ ಎಂದಿದ್ದೀರಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಆ ಕ್ಷಣದಲ್ಲಿ ಹಿರಿಯರು ಯುವಕರಿಗಿಂತ ಬಹಳ ಹಿಂದೆ ಬೀಳುವುದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹೆಚ್ಚು ಬೆಲೆ ತೆರಬೇಕಾಗುವುದು ಎರಡೂ ಕೆಲಸಗಳನ್ನು ಏಕಕಾಲಕ್ಕೆ ‘ತೆರೆದಿಟ್ಟು’ಕೊಂಡಿರುವುದಕ್ಕೆ. ಆದ್ದರಿಂದ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವ ಕ್ರಮ ಇಟ್ಟುಕೊಂಡರೆ ನಷ್ಟದ ದೊಡ್ಡ ಭಾಗ ತಪ್ಪುತ್ತದೆ.

ಎರಡನೆಯದು ಆಯ್ಕೆಯ ಹೊಯ್ದಾಟ. ಇದರಲ್ಲಿ ಸ್ವಲ್ಪ ಪಾಲು ಬರಿಯ ಎಚ್ಚರಿಕೆಯದು. ವೇಗದ ತೀರ್ಮಾನಗಳ ಪ್ರಯೋಗಗಳಲ್ಲಿ ಹಿರಿಯರು ನಿಧಾನವಾಗುವುದಕ್ಕೆ ಒಂದು ಮುಖ್ಯ ಕಾರಣ, ತಪ್ಪಾಗಬಾರದೆಂದು ಹೆಚ್ಚು ಸಾಕ್ಷ್ಯ ಕೂಡುವವರೆಗೆ ಅವರು ಕಾಯುವುದು ಎಂದು ರೋಜರ್ ರ‍್ಯಾಟ್‌ಕ್ಲಿಫ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದಾರೆ. ಆದರೆ ಉಳಿದ ಪಾಲು ಕಲಿಕೆಯದು. ಯಾವ ಆಯ್ಕೆಗೆ ಎಷ್ಟು ಬೆಲೆ ಎಂಬುದನ್ನು ಅನುಭವದಿಂದಲೇ ಹೊಸದಾಗಿ ಕಲಿಯಬೇಕಾದಾಗ, ಅದರಲ್ಲೂ ಫಲ ಒಮ್ಮೆ ಒಳ್ಳೆಯದು ಒಮ್ಮೆ ಕೆಟ್ಟದ್ದು ಎಂದು ಏರುಪೇರಾಗುವಾಗ, ಹಿರಿಯರು ಹಿಂದುಳಿಯುತ್ತಾರೆ. 2013ರಲ್ಲಿ ರುಮಾನಾ ಚೌಧರಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಆರೋಗ್ಯವಂತ ಹಿರಿಯರ ಮೆದುಳಿನ ಚಿತ್ರ ತೆಗೆದಾಗ, ನಾನು ಮೇಲೆ ಹೇಳಿದ ‘ಅಂತರದ ಸಂದೇಶ’ ಅವರಲ್ಲಿ ಅಪೂರ್ಣವಾಗಿತ್ತು. ದಕ್ಕಿದ್ದರ ಲೆಕ್ಕ ಮೆದುಳಿನಲ್ಲಿ ಇತ್ತು. ನಿರೀಕ್ಷೆಯ ಲೆಕ್ಕ ಸರಿಯಾಗಿ ಮೂಡುತ್ತಿರಲಿಲ್ಲ. ಎಲ್-ಡೋಪಾ ಕೊಟ್ಟಾಗ ಅವರಲ್ಲಿ ಕೆಲವರ ಕಲಿಕೆ ಯುವಕರ ಮಟ್ಟಕ್ಕೆ ಏರಿತು. ‘ಕೆಲವರ’ ಎಂಬ ಪದವನ್ನು ದಯವಿಟ್ಟು ಗಮನಿಸಿ. ಸುದ್ದಿಯಾಗುವಾಗ ಮೊದಲು ಬಿದ್ದುಹೋಗುವುದು ಅದೇ.

ಇದಕ್ಕೆ ಹೊಂದುವ ಇನ್ನೊಂದು ಅಧ್ಯಯನ ಹಣದ ಬಗ್ಗೆ. ಷೇರು ಮತ್ತು ಬಾಂಡ್‌ಗಳ ನಡುವೆ ಮತ್ತೆ ಮತ್ತೆ ಆರಿಸಬೇಕಾದ ಆಟವೊಂದರಲ್ಲಿ, ಗ್ರೆಗರಿ ಸಮಾನೆಜ್-ಲಾರ್ಕಿನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದಂತೆ, ಹಿರಿಯರು ಷೇರನ್ನು ಆರಿಸಬಾರದಿದ್ದಾಗ ಆರಿಸುವ ತಪ್ಪನ್ನು ಹೆಚ್ಚಾಗಿ ಮಾಡಿದರು. ಆ ತಪ್ಪುಗಳು ಸ್ಟ್ರಯೇಟಮ್‌ನ ಒಂದು ಭಾಗದಲ್ಲಿ ಸಂಕೇತ ಗಳಿಗೆಗಳಿಗೆಗೂ ಏರುಪೇರಾಗುವುದಕ್ಕೆ ತಳುಕು ಹಾಕಿಕೊಂಡಿದ್ದವು. ರೇಡಿಯೋದ ಗೊರಗೊರ ಹೆಚ್ಚಾದಂತೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ಮುಂದಿನ ಕೆಲಸ: ಪ್ರತಿ ಆಯ್ಕೆಯಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಲೆಕ್ಕವನ್ನು ಪರದೆಯ ಮೇಲೆಯೇ ತೋರಿಸಿದಾಗ ಹಿರಿಯರೂ ಕಿರಿಯರೂ ಮೊದಲಿಗಿಂತ ಉತ್ತಮವಾಗಿ ಆರಿಸಿದರು. ಒಳಗಿನ ಸಂದೇಶ ಮಸುಕಾಗಿದ್ದರೆ ಹೊರಗಿನ ಕಾಗದ ಅದರ ಕೆಲಸದ ಒಂದು ಭಾಗವನ್ನು ಮಾಡಬಲ್ಲದು.

ವಯಸ್ಸಾದವರು ನಷ್ಟಕ್ಕೆ ಹೆದರಿ ಹಿಂಜರಿಯುತ್ತಾರೆ ಎಂಬ ನಂಬಿಕೆ ಸಾಮಾನ್ಯ. 18ರಿಂದ 69 ವರ್ಷದೊಳಗಿನ 25,189 ಜನರು ಮೊಬೈಲ್ ಫೋನಿನಲ್ಲಿ ಆಡಿದ ಪಣದಾಟವೊಂದರ ಫಲಿತಾಂಶ (2016) ಬೇರೆಯೇ ಚಿತ್ರ ಕೊಡುತ್ತದೆ. ಲಾಭ ಬರಬಹುದೆಂಬ ಆಸೆಯಿಂದ ಅಪಾಯ ತೆಗೆದುಕೊಳ್ಳುವುದು ವಯಸ್ಸಿನೊಂದಿಗೆ ತಗ್ಗಿತು. ನಷ್ಟ ತಪ್ಪಿಸಿಕೊಳ್ಳಲು ಅಪಾಯ ತೆಗೆದುಕೊಳ್ಳುವುದರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಭಯ ಹೆಚ್ಚಿದ್ದಲ್ಲ, ದೊಡ್ಡ ಲಾಭದ ಸೆಳೆತ ಸಡಿಲಿದ್ದು. ಡೋಪಮೀನ್ ಕ್ಷೀಣಿಸುವುದಕ್ಕೆ ಇದು ಸರಿಹೊಂದುತ್ತದೆ. ಹಾಗೆಂದು ಈ ಗುಣವನ್ನು ಕೊರತೆಯ ಲೆಕ್ಕಕ್ಕೆ ಬರೆಯಲು ನನಗಂತೂ ಮನಸ್ಸಿಲ್ಲ.

ಮನುಷ್ಯರ ವಿಷಯದ ಚುರುಕು ಏಕೆ ಉಳಿದಿದೆ? ಏಕೆಂದರೆ ಅಲ್ಲಿ ನೀವು ಬೆಲೆಗಳನ್ನು ಹೊಸದಾಗಿ ಕಲಿಯುತ್ತಿಲ್ಲ. ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಹರಿಯುವ ಬುದ್ಧಿ, ಗಟ್ಟಿಗೊಂಡ ಬುದ್ಧಿ ಎಂದು ವಿಂಗಡಿಸಿದರು. ಹೊಸ ಸಮಸ್ಯೆಯನ್ನು ಅಲ್ಲಲ್ಲೇ ಬಿಡಿಸುವ ಮೊದಲನೆಯದು ಪ್ರೌಢ ವಯಸ್ಸಿನಲ್ಲೇ ಇಳಿಯತೊಡಗುತ್ತದೆ, ಅನುಭವ ಮತ್ತು ಓದಿನಿಂದ ಕೂಡಿಬಂದ ಎರಡನೆಯದು ಬಹಳ ವರ್ಷ ನಿಲ್ಲುತ್ತದೆ ಅಥವಾ ಬೆಳೆಯುತ್ತದೆ. ಹಣಕಾಸಿನ ತಿಳಿವಳಿಕೆ, ಸಾಲದ ಲೆಕ್ಕಾಚಾರ, ನಾಳಿನ ದೊಡ್ಡ ಲಾಭಕ್ಕಾಗಿ ಇಂದಿನ ಸಣ್ಣದನ್ನು ಬಿಡುವ ತಾಳ್ಮೆ, ಇವುಗಳಲ್ಲಿ ಹಿರಿಯರು ಕಿರಿಯರನ್ನು ಮೀರಿಸಿದ ಅಧ್ಯಯನಗಳಿವೆ, ಅದಕ್ಕೆ ಬೆಂಬಲವಾಗಿ ನಿಂತದ್ದು ಈ ಗಟ್ಟಿಗೊಂಡ ಬುದ್ಧಿಯೇ. ಸಾವಿರಾರು ಮಕ್ಕಳನ್ನೂ ಪೋಷಕರನ್ನೂ ಕಂಡಿರುವ ನಿಮಗೆ ಜಗಳವೊಂದು ಎದುರಾದಾಗ ಅದು ಯಾವ ಬಗೆಯ ಜಗಳವೆಂದು ಗುರುತಾದರೆ ಸಾಕು, ಉಳಿದದ್ದು ಅದರ ಹಿಂದೆ ಬರುತ್ತದೆ. ಇದರಲ್ಲೂ ಒಂದು ಅಪಾಯವಿದೆ. ಪರಿಚಿತ ರೂಪ ತೊಟ್ಟು ಬರುವ ಅಪರಿಚಿತ ಸಂಗತಿಯನ್ನು ಈ ಗುರುತಿಸುವಿಕೆ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಬ್ಯಾಂಕಿನವರ ದನಿಯಲ್ಲಿ ಮಾತನಾಡಿ, ಈಗಲೇ ಹೇಳಿ ಎಂದು ಅವಸರಿಸುವ ವಂಚಕರು ನಿಮ್ಮ ಗಟ್ಟಿಯಾದ ದಾರಿಯನ್ನೂ ಸಡಿಲಾದ ದಾರಿಯನ್ನೂ ಒಟ್ಟಿಗೆ ಬಳಸಿಕೊಳ್ಳುತ್ತಾರೆ. ಫೋನಿನಲ್ಲಿ ಹಣದ ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂಬ ನಿಯಮವನ್ನು ಇಂದೇ ಹಾಕಿಕೊಳ್ಳಿ. ಆ ಕ್ಷಣದ ವಿವೇಚನೆಗೆ ಅದನ್ನು ಬಿಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಡಿವಾಣ ಹಾಕಲೇಬೇಕು. ಎಲ್ಲವನ್ನೂ ಡೋಪಮೀನ್ ತಲೆಗೆ ಕಟ್ಟುವುದು ಸರಿಯಲ್ಲ. ವಯಸ್ಸು ಹೆಚ್ಚಿದಂತೆ ಡೋಪಮೀನ್ ಗ್ರಾಹಕಗಳೂ ಇಳಿಯುತ್ತವೆ, ಬುದ್ಧಿಯ ವೇಗವೂ ಇಳಿಯುತ್ತದೆ; ಎರಡೂ ಒಟ್ಟಿಗೆ ಇಳಿದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಸ್ವೀಡನ್ನಿನಲ್ಲಿ 64ರಿಂದ 68 ವರ್ಷದ 181 ಆರೋಗ್ಯವಂತರನ್ನು ಆರಿಸಿಕೊಂಡು, ಅಂದರೆ ವಯಸ್ಸಿನ ಅಂತರವನ್ನು ಬಹುಮಟ್ಟಿಗೆ ತೆಗೆದುಹಾಕಿ, ಡಿ2 ಗ್ರಾಹಕಗಳನ್ನು ಅಳೆದಾಗ ಅವುಗಳ ಪ್ರಮಾಣ ಘಟನೆಗಳ ನೆನಪಿಗೆ ಸಂಬಂಧಿಸಿತ್ತು, ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡುವ ನೆನಪಿಗೆ ಸಂಬಂಧಿಸಿರಲಿಲ್ಲ. ಒಂದೇ ವಯಸ್ಸಿನ ಜನರಲ್ಲೂ ವ್ಯತ್ಯಾಸ ದೊಡ್ಡದು, ಒಂದೊಂದು ಗ್ರಾಹಕದ ಕಥೆಯೂ ಬೇರೆ. ಇದರ ಜೊತೆಗೆ ಮೆದುಳಿನ ಭಾಗಗಳನ್ನು ಜೋಡಿಸುವ ಬಿಳಿ ತಂತುಗಳು, ಸಣ್ಣ ರಕ್ತನಾಳಗಳು, ನೊರಾಡ್ರಿನಲಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಇತರ ನರವಾಹಕಗಳ ವ್ಯವಸ್ಥೆಗಳು, ಎಲ್ಲವೂ ವಯಸ್ಸಿಗೆ ಕಪ್ಪ ಕೊಡುತ್ತವೆ. ಕಿವಿ ಮಂದವಾದರೆ, ನಿದ್ರೆ ಕೆಟ್ಟರೆ ಗಮನದ ಮೇಲೆ ಬೀಳುವ ಹೊರೆ ಬೇರೆ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ರಕ್ತದಲ್ಲಿರುವ ಡೋಪಮೀನ್ ಅಳೆದರೆ ಮೆದುಳಿನ ಸ್ಥಿತಿ ತಿಳಿಯದು, ಏಕೆಂದರೆ ಡೋಪಮೀನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ, ರಕ್ತದಲ್ಲಿರುವುದು ಹೆಚ್ಚಾಗಿ ದೇಹದ ಇತರ ಭಾಗಗಳಲ್ಲಿ ತಯಾರಾದದ್ದು. ಗ್ರಾಹಕಗಳನ್ನು ಎಣಿಸುವ ಪಿಇಟಿ ಸ್ಕ್ಯಾನ್ ಸಂಶೋಧನೆಯ ಸಾಧನ. ಸಾಗಣೆ ಪ್ರೋಟೀನನ್ನು ತೋರಿಸುವ ಸ್ಕ್ಯಾನ್ ಒಂದಿದೆ, ಅದನ್ನು ವೈದ್ಯರು ಪಾರ್ಕಿನ್ಸನ್ ಬಗ್ಗೆ ಸಂದೇಹವಿದ್ದಾಗ ಬಳಸುತ್ತಾರೆ. ನಿಮ್ಮ ತೊಂದರೆಗೆ ಇವೆರಡೂ ಬೇಕಿಲ್ಲ.

ಮಾತ್ರೆಯ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟ: ಆರೋಗ್ಯವಂತರು ತೀರ್ಮಾನಶಕ್ತಿಗಾಗಿ ಎಲ್-ಡೋಪಾ ಅಥವಾ ಡೋಪಮೀನ್‌ನಂತೆ ವರ್ತಿಸುವ ಔಷಧಗಳನ್ನು ತೆಗೆದುಕೊಳ್ಳಬಾರದು. ಬಿಲ್ಲಿನಾಕಾರವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಪಾರ್ಕಿನ್ಸನ್ ರೋಗಿಗಳಲ್ಲಿ ಸ್ಟ್ರಯೇಟಮ್‌ನ ಮೇಲ್ಭಾಗ ಬರಿದಾಗಿರುತ್ತದೆ, ಕೆಳಭಾಗ ಆರಂಭದಲ್ಲಿ ಹೆಚ್ಚು ಹಾನಿಯಾಗದೆ ಉಳಿದಿರುತ್ತದೆ. ಔಷಧ ಮೇಲ್ಭಾಗವನ್ನು ಸರಿಪಡಿಸುವಾಗ ಕೆಳಭಾಗಕ್ಕೆ ಅತಿಯಾಗುತ್ತದೆ. ಹೀಗಾಗಿ ಕೆಲಸದಿಂದ ಕೆಲಸಕ್ಕೆ ಹೊರಳುವುದು ಸುಧಾರಿಸಿದರೂ, ನಿನ್ನೆ ಲಾಭ ತಂದದ್ದು ಇಂದು ನಷ್ಟ ತರುತ್ತಿದೆ ಎಂದು ಅರಿತು ಬದಲಾಗುವ ಶಕ್ತಿ ಕುಗ್ಗುತ್ತದೆ ಎಂದು ರೋಶನ್ ಕೂಲ್ಸ್ ಅವರ ಅಧ್ಯಯನಗಳು ತೋರಿಸಿವೆ. 2004ರಲ್ಲಿ ಮೈಕೆಲ್ ಫ್ರ್ಯಾಂಕ್ ಮತ್ತು ಸಂಗಡಿಗರು ಕಂಡದ್ದೂ ಇದಕ್ಕೆ ಹತ್ತಿರದ್ದು: ಔಷಧ ಬಿಟ್ಟಾಗ ರೋಗಿಗಳು ತಪ್ಪುಗಳಿಂದ ಚೆನ್ನಾಗಿ ಕಲಿತರು, ತೆಗೆದುಕೊಂಡಾಗ ಗೆಲುವುಗಳಿಂದ ಚೆನ್ನಾಗಿ ಕಲಿತರು. ಸೋಲು ಕಣ್ಣಿಗೆ ಬೀಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂಕಿಯೂ ಇದೆ. 3,090 ಪಾರ್ಕಿನ್ಸನ್ ರೋಗಿಗಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನವೊಂದರಲ್ಲಿ (2010) 13.6 ಪ್ರತಿಶತ ಜನರಲ್ಲಿ ಜೂಜು, ಮಿತಿಮೀರಿದ ಖರೀದಿ, ಅತಿಯಾದ ತಿನ್ನುವಿಕೆ, ಕಾಮದ ಅತಿರೇಕ ಇವುಗಳಲ್ಲಿ ಒಂದಾದರೂ ಇತ್ತು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ಪ್ರಮಾಣ ಉಳಿದವರ ಎರಡು ಪಟ್ಟಿಗಿಂತ ಹೆಚ್ಚು. ಜೀವನವಿಡೀ ಇಸ್ಪೀಟೆಲೆ ಮುಟ್ಟದವರೂ ಹೀಗಾಗಬಹುದು. ರೋಗಿಗಳಿಗೆ ಈ ಔಷಧಗಳು ವರವೇ, ಸಂದೇಹವಿಲ್ಲ. ರೋಗವಿಲ್ಲದವರಿಗೆ ಅವುಗಳ ಹಂಗು ಬೇಡ.

ಪುಡಿಗಳಲ್ಲಿ ನಸುಗುನ್ನಿ ಬೀಜದ್ದೇ ಹೆಚ್ಚು ಪ್ರಚಾರದಲ್ಲಿರುವುದು. ಅದರಲ್ಲಿ ನಿಜವಾಗಿಯೂ ಎಲ್-ಡೋಪಾ ಇದೆ, ಆದ್ದರಿಂದಲೇ ಅದನ್ನು ಔಷಧವೆಂದು ಎಣಿಸಬೇಕು: ವಾಕರಿಕೆ ಬರಬಹುದು, ಎದ್ದು ನಿಂತಾಗ ರಕ್ತದೊತ್ತಡ ಇಳಿದು ಬೀಳಬಹುದು, ಬೇರೆ ಮಾತ್ರೆಗಳೊಂದಿಗೆ ಘರ್ಷಣೆಯಾಗಬಹುದು. ಟೈರೋಸಿನ್ ಎಂಬ ಅಮೈನೋ ಆಮ್ಲದ ಗುಳಿಗೆಗಳಿಂದಲೂ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ತಯಾರಿಕೆಯ ವೇಗವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಕಿಣ್ವ, ಕಚ್ಚಾವಸ್ತುವಲ್ಲ. ಅಲ್ಲದೆ ನಿಮ್ಮಲ್ಲಿ ತಯಾರಿಕೆಯೇ ದೊಡ್ಡ ತೊಂದರೆಯಲ್ಲ ಎಂಬುದನ್ನು ಆಗಲೇ ನೋಡಿದೆವು.

ಇದಕ್ಕಿಂತ ಮುಖ್ಯವಾಗಿ, ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೋಡಿ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಕೂಡಲೇ ಕೆಲಸಕ್ಕೆ ಬರುವ ಮಾತು ಇದೇ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ಇವು ಡೋಪಮೀನ್ ಗ್ರಾಹಕಗಳನ್ನು ತಡೆಯುತ್ತವೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಹಿರಿಯರಲ್ಲಿ ನಿಧಾನಗತಿ, ಬಿಗಿತ, ಪಾರ್ಕಿನ್ಸನ್‌ನಂಥದೇ ಲಕ್ಷಣಗಳು ಬರುವುದುಂಟು. ನೆಗಡಿ, ಅಲರ್ಜಿಗೆ ಬಳಸುವ ಹಳೆಯ ಬಗೆಯ ಮಾತ್ರೆಗಳು, ಮೂತ್ರದ ಅವಸರಕ್ಕೆ ಕೊಡುವ ಕೆಲವು ಔಷಧಗಳು, ನಿದ್ರೆಮಾತ್ರೆಗಳು ಬೇರೆ ದಾರಿಗಳಿಂದ ಗಮನವನ್ನು ಮಂಕಾಗಿಸುತ್ತವೆ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ.

ದಿನನಿತ್ಯದಲ್ಲಿ ಏನು ಮಾಡಬಹುದೆಂದರೆ, ಒಳಗೆ ಸಜ್ಜಾಗಿ ನಿಲ್ಲದ ಗುರಿಯನ್ನು ಹೊರಗೆ ನಿಲ್ಲಿಸುವುದು. ಏಳುವ ಮುಂಚೆ ‘ಕನ್ನಡಕ ತರಲು ಹೋಗುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ಯಾರಾದರೂ ಮಾತನಾಡಿಸಿದರೆ ಉತ್ತರಿಸುವ ಮೊದಲು, ನಿಲ್ಲಿಸಿದ ಕೆಲಸದ ಮುಂದಿನ ಹೆಜ್ಜೆಯನ್ನು ಒಂದು ಪದದಲ್ಲಿ ಬರೆದುಕೊಳ್ಳಿ; ಮನೆಯವರು ಆ ಐದು ಸೆಕೆಂಡು ಕಾಯಲು ಕಲಿಯಲಿ. ‘ತಿಂಡಿ ಮುಗಿಸಿ ತಟ್ಟೆ ಇಟ್ಟ ಕೂಡಲೇ ರಕ್ತದೊತ್ತಡದ ಮಾತ್ರೆ’ ಎಂಬಂತೆ ಸಂದರ್ಭ ಮತ್ತು ಕ್ರಿಯೆಯನ್ನು ಮೊದಲೇ ಗಂಟು ಹಾಕುವ ಸಂಕಲ್ಪಗಳು ಹಿರಿಯರಿಗೆ ವಿಶೇಷವಾಗಿ ನೆರವಾಗುತ್ತವೆ, ಏಕೆಂದರೆ ಆಗ ಸಂದರ್ಭವೇ ನೆನಪಿಸುತ್ತದೆ. ವಿಮೆಯ ಆಯ್ಕೆಗೆ ಬೆಳಗಿನ ಹೊತ್ತನ್ನು ಇಟ್ಟುಕೊಳ್ಳಿ. ಅಡ್ಡಿಗಳನ್ನು ತಡೆಯುವ ಶಕ್ತಿ ಹಿರಿಯರಲ್ಲಿ ಸಂಜೆಗಿಂತ ಬೆಳಿಗ್ಗೆ ಮೇಲು. ನಿಮಗೆ ನಿಜವಾಗಿ ಬೇಕಾದ ಎರಡು ಷರತ್ತುಗಳನ್ನು ಪಾಲಿಸಿಗಳನ್ನು ನೋಡುವ ಮುಂಚೆಯೇ ಬರೆದಿಟ್ಟು, ಅವನ್ನು ಪೂರೈಸದವನ್ನು ಹೊಡೆದುಹಾಕಿ. ಉಳಿದ ಪಾಲಿಸಿಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ವರ್ಷಕ್ಕೆ ಕಟ್ಟಬೇಕಾದದ್ದು, ಸಿಗುವುದು, ಸಿಗದಿರುವುದು. ಮಗನನ್ನು ಕೂರಿಸಿಕೊಂಡರೂ ತಪ್ಪಿಲ್ಲ, ಹಾಳೆ ಮಾತ್ರ ನಿಮ್ಮ ಕೈಯಲ್ಲಿರಲಿ. ನಿಯಮಿತವಾದ ನಡಿಗೆಯಂಥ ಉಸಿರು ಏರುವ ವ್ಯಾಯಾಮದಿಂದ ಈ ಬಗೆಯ ನಿಯಂತ್ರಣಕ್ಕೆ ಸಣ್ಣ ಮಟ್ಟದ ಪ್ರಯೋಜನ ಪ್ರಯೋಗಗಳಲ್ಲಿ ಕಂಡಿದೆ. ಹೃದಯಕ್ಕೂ ಒಳ್ಳೆಯದಾದ್ದರಿಂದ ನಾನು ಎಲ್ಲರಿಗೂ ಹೇಳುತ್ತೇನೆ.

ಸಹಜ ಮುಪ್ಪಿನ ಗಡಿ ದಾಟಿದ ಲಕ್ಷಣಗಳು ಬೇರೆ. ಕೂತಾಗ ಒಂದು ಕೈ ನಡುಗುವುದು, ಅಕ್ಷರ ದಿನೇದಿನೇ ಸಣ್ಣದಾಗುವುದು, ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕೈಕಾಲು ಬೀಸಿ ಕೂಗುವುದು, ಒಂದು ಪಕ್ಕದ ನಡೆ ಎಳೆದಂತಾಗುವುದು ಕಂಡರೆ ನರರೋಗ ತಜ್ಞರನ್ನು ನೋಡಬೇಕು. ಕೆಲವೇ ತಿಂಗಳಲ್ಲಿ ಬದಲಾವಣೆ ಎದ್ದು ಕಾಣುವಂತಾದರೆ, ಪರಿಚಿತ ದಾರಿ ತಪ್ಪಿದರೆ, ಮೊದಲು ಇಷ್ಟಪಡುತ್ತಿದ್ದುದರಲ್ಲಿ ಆಸಕ್ತಿಯೇ ಹೋದರೆ ಹಾಗೆಯೇ. ಬಿಲ್ಲುಗಳನ್ನು ಕಟ್ಟಲು ಮರೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಹಿರಿಯರ ದಾಖಲೆಗಳನ್ನು ಪರಿಶೀಲಿಸಿದ 2020ರ ಅಧ್ಯಯನವೊಂದರಲ್ಲಿ, ಡಿಮೆನ್ಷಿಯಾ (ಮರೆಗುಳಿತನದ ಕಾಯಿಲೆ) ಎಂದು ತಿಳಿಯುವುದಕ್ಕೆ ಆರು ವರ್ಷ ಮುಂಚೆಯೇ ಕಂತು ತಪ್ಪುವುದು ಶುರುವಾಗಿತ್ತು. ನಿಮ್ಮ ಪತ್ರದಲ್ಲಿ ಇವುಗಳ ಸುಳಿವಿಲ್ಲ. ಆದರೂ ಒಮ್ಮೆ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿ, ಕಿವಿ ತೋರಿಸಿ, ಮನಸ್ಸು ಕುಗ್ಗಿದ್ದರೆ ಮುಚ್ಚಿಡದೆ ಹೇಳಿ. ಇವು ನಾಲ್ಕೂ ಚಿಕಿತ್ಸೆಗೆ ಒಗ್ಗುವಂಥವು. ಹೋಗುವಾಗ ಮಾತ್ರೆಗಳ ಪಟ್ಟಿಯಲ್ಲಿ ಅಂಗಡಿಯಿಂದ ಚೀಟಿಯಿಲ್ಲದೆ ಕೊಂಡವುಗಳ ಹೆಸರನ್ನೂ ಸೇರಿಸಿಕೊಳ್ಳಿ.